ರಿಜಿಸ್ಟರ್ ಹಿಂದಿನ ದೇವರು

ದೇವರಾಗುವುದು ಅಂಥ ಕಷ್ಟದ ಕೆಲಸವೇನಲ್ಲ. ನಾನು ಆಗಿದ್ದೇನೆ. ಒಂದಲ್ಲ, ಐದು ದೇವರು. ಅದರಲ್ಲಿ ಎರಡು ಹೆಣ್ಣು ದೇವರು. ಸುಮಾರು ಹತ್ತು ತಿಂಗಳ ಕಾಲ, ಪ್ರತಿ ಭಾನುವಾರ, ಮಧ್ಯಾಹ್ನ ಎರಡೂವರೆಯಿಂದ ಐದೂವರೆಯವರೆಗೆ. ಕಷ್ಟವಿರುವುದು ಆಮೇಲೆ. ದೇವರ ಕೆಲಸ ಮುಗಿಸಿ, ಲುಂಗಿ ಕೊಡವಿಕೊಂಡು ಎದ್ದು, ಅದೇ ಮನೆಯಲ್ಲಿ ಗಂಡನಾಗಿ ತಟ್ಟೆಯ ಮುಂದೆ ಕೂರಬೇಕಲ್ಲ, ಅದು ಕಷ್ಟ. ದೇವರಾಗಿ ಕೊಟ್ಟ ಮಾತು ಗಂಡನ ಲೆಕ್ಕಕ್ಕೂ ಬರುತ್ತದೆಯೇ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಇದು ತೊಂಬತ್ತಾರು ತೊಂಬತ್ತೇಳರ ಸುದ್ದಿ. ಆಗ ನಾನು ಹಳೇಬೀಡಿನ ಹೈಸ್ಕೂಲೊಂದರಲ್ಲಿ ಸಮಾಜದ ಮೇಷ್ಟ್ರು. ಹತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದಲು ಬೆಂಗಳೂರಿಗೆ ಹೋದವನು ಫುಟ್‌ಪಾತಿನಲ್ಲಿ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಕೊಂಡೆ. ಒಳಗೆ ಕೋಟೆ, ಕತ್ತಿ, ರಾಕ್ಷಸರ ಚಿತ್ರಗಳಿದ್ದುದರಿಂದ ಚರಿತ್ರೆಯ ಪುಸ್ತಕ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಓದುತ್ತಾ ಬಂದಾಗ ಅದು ಆಟದ ಪುಸ್ತಕ ಎಂದು ಗೊತ್ತಾಯಿತು. ನಾಲ್ಕೈದು ಜನ ಸುತ್ತ ಕೂರಬೇಕು. ಒಬ್ಬ ಕಥೆ ನಡೆಸಬೇಕು. ಉಳಿದವರು ಒಬ್ಬೊಬ್ಬರೂ ಆ ಕಥೆಯಲ್ಲಿ ಒಂದೊಂದು ಪಾತ್ರವಾಗಿ, ನಾನು ಈಗ ಹೊಳೆ ದಾಟುತ್ತೇನೆ, ನಾನು ಕಳ್ಳನ ಹಿಂದೆ ಓಡುತ್ತೇನೆ ಎಂದು ಬಾಯಲ್ಲೇ ಹೇಳುತ್ತಾ ಹೋಗಬೇಕು. ದಾಟಿದನೋ ಮುಳುಗಿದನೋ ಎನ್ನುವುದನ್ನು ದಾಳ ಹಾಕಿ ತೀರ್ಮಾನಿಸಬೇಕು. ನಮ್ಮ ಮಕ್ಕಳು ಜಗಲಿಯ ಮೇಲೆ ಆಡುವ ಅಡುಗೆ ಆಟ, ಅಂಗಡಿ ಆಟವೇ ಇದು. ದೊಡ್ಡವರು ನಾಚಿಕೆಪಡದೆ ಆಡಲಿ ಎಂದು ಇಂಗ್ಲಿಷಿನವರು ಅದಕ್ಕೆ ಇನ್ನೂರು ಪುಟ ನಿಯಮ ಬರೆದಿಟ್ಟಿದ್ದರು, ಅಷ್ಟೆ.

ನಿಯಮವೆಲ್ಲ ಅರ್ಥವಾಯಿತು, ದಾಳ ಮಾತ್ರ ಸಿಗಲಿಲ್ಲ. ಪುಸ್ತಕದವರು ಇಪ್ಪತ್ತು ಮುಖದ ದಾಳ ಕೇಳುತ್ತಿದ್ದರು. ದೇವಸ್ಥಾನದ ಎದುರು ಪ್ರವಾಸಿಗಳಿಗೆ ಬಳಪದ ಕಲ್ಲಿನ ಗಣೇಶ, ಆನೆ ಕೆತ್ತಿ ಮಾರುವ ಒಬ್ಬ ಹುಷಾರಿ ಕೆಲಸಗಾರನ ಹತ್ತಿರ ಹೋಗಿ ಚಿತ್ರ ತೋರಿಸಿದೆ. ಅವನು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ಸುಬ್ರಾಯ ದೇವ್ರಿಗೇ ಆರು ಮುಖ ಸಾಕಾಗೈತೆ ಸಾ. ಇದ್ಯಾವ ದೇವ್ರು ಇಪ್ಪತ್ತು ಕೇಳ್ತಿರೋದು?" ಅಂದ. ಆದರೂ ಒಂದು ವಾರ ಬಿಟ್ಟು ಕೆತ್ತಿಕೊಟ್ಟ. ಎಣಿಸಿ ನೋಡಿದರೆ ಹತ್ತೊಂಬತ್ತು ಮುಖವಿತ್ತು, ಹೇಗೆ ಎಸೆದರೂ ಏಳೇ ಬೀಳುತ್ತಿತ್ತು. ಹೊಯ್ಸಳರ ಊರಿನ ಕೆಲಸಕ್ಕೆ ಹೆಸರಿಡುವುದು ಹೇಗೆ ಎಂದು ಅದರಲ್ಲೇ ಆಡಿದೆವು. ನಮ್ಮ ಕಥೆಯಲ್ಲಿ ಯಾರೂ ಪೂರ್ತಿ ಗೆಲ್ಲಲಿಲ್ಲ, ಪೂರ್ತಿ ಸೋಲಲೂ ಇಲ್ಲ. ಬದುಕಿಗೆ ಹತ್ತಿರವಾಗಿಯೇ ಇತ್ತು.

ಆಡುವವರು ಮೂರು ಜನ. ಒಬ್ಬರು ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ನಂಜುಂಡಪ್ಪ. ಹಗರೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು, ಕಥೆಯಲ್ಲಿ ಸೇನಾಪತಿ. ಸೈಕಲ್ ಚೈನು ಬಿಚ್ಚಿಕೊಂಡರೆ ಹಾಕಲು ಬಾರದ ಮನುಷ್ಯ ಕುದುರೆಯ ಮೇಲಿಂದ ಇಳಿಯುತ್ತಲೇ ಇರಲಿಲ್ಲ. ಇನ್ನೊಬ್ಬರು ಕೊಬ್ಬರಿ ವ್ಯಾಪಾರದ ಪದ್ಮರಾಜಯ್ಯ, ಬಸದಿಯ ಬೀದಿಯವರು, ಕಥೆಯಲ್ಲಿ ಸನ್ಯಾಸಿ. ಅವರು ಹೊತ್ತು ಮುಳುಗುವುದರೊಳಗೆ ಮನೆಗೆ ಹೋಗಿ ಊಟ ಮುಗಿಸಬೇಕಾಗಿದ್ದರಿಂದ ಎಂಥ ಘೋರ ಯುದ್ಧವಾದರೂ ಐದೂವರೆಗೆ ನಿಲ್ಲುತ್ತಿತ್ತು. ಮೂರನೆಯವಳು ನನ್ನ ಹೆಂಡತಿ ಲಲಿತ. ಮೊದಮೊದಲು ಬೋಂಡ ತಂದಿಟ್ಟು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಒಂದು ಭಾನುವಾರ, "ಈ ಕಥೇಲಿ ಹೆಂಗಸರೇ ಇಲ್ವಾ?" ಅಂದಳು. ಇದ್ದರೆ ಬೋಂಡ ಕರಿಯುವವರು ಯಾರು ಎಂದು ನಾನು ಯೋಚಿಸುತ್ತಿರುವಾಗಲೇ ಪದ್ಮರಾಜಯ್ಯ, "ಬಾರಮ್ಮ, ಕೂತ್ಕೋ" ಎಂದು ಚಾಪೆ ಸರಿಸಿದರು. ಅವಳು ಮಸಿಗುಡ್ಡದಮ್ಮ ಎಂಬ ದೇವತೆಯ ಗುಡಿಯಲ್ಲಿ ದೀಪ ಹಚ್ಚುವ ಗಿರಿಜೆಯಾದಳು. ಆ ದೀಪದ ಬೆಳಕಿದ್ದರೆ ಮಾತ್ರ ಸೇನಾಪತಿಗೆ ರಾಕ್ಷಸರು ಕಾಣಿಸುತ್ತಾರೆ ಎಂದು ನಾನೇ ನಿಯಮ ಹಾಕಿದ್ದೆ. ಊರ ದೇವರ ತಂಟೆ ನಮಗೇಕೆ ಎಂದು ದೇವರುಗಳನ್ನೆಲ್ಲ ಹೊಸದಾಗಿ ಹುಟ್ಟಿಸಿಕೊಂಡಿದ್ದೆ.

ಹುಟ್ಟಿಸಿದ ಮೇಲೆ ಸಾಕಬೇಕಲ್ಲ. ಪಾತ್ರಗಳು ದೇವರಿಗೆ ಮೊರೆಯಿಟ್ಟರೆ ಕಥೆ ನಡೆಸುವವನು ದೇವರಾಗಿ ಉತ್ತರ ಕೊಡಬೇಕು. ದೇವರು ಆದಷ್ಟು ಕಡಿಮೆ ಮಾತಾಡಲಿ ಎಂದು ಪುಸ್ತಕದಲ್ಲಿ ಬರೆದಿತ್ತು. ಮೇಷ್ಟ್ರ ಕೈಗೆ ದೇವರ ಕೆಲಸ ಕೊಟ್ಟರೆ ಕಡಿಮೆ ಮಾತಾಡುತ್ತಾನೆಯೇ? ಮೊದಲ ಸಲ ನಂಜುಂಡಪ್ಪನವರು ಯುದ್ಧದೇವರನ್ನು ಕರೆದಾಗ ನಾನು ನಾಟಕದವರ ಹಾಗೆ ಗಂಟಲು ತೆರೆದು, "ಎಲೈ ಭಕ್ತನೇ! ನನ್ನನ್ನೇಕೆ ಕರೆದೆ?" ಎಂದು ಅಬ್ಬರಿಸಿದೆ. ಕೋಣೆಯಲ್ಲಿ ಮಲಗಿದ್ದ ನಾಲ್ಕು ವರ್ಷದ ಮಗಳು ಎದ್ದು ಕಿರುಚಿಕೊಂಡಳು. ಹಿಂದೆಯೇ ಪಕ್ಕದ ಮನೆಯ ಪುಟ್ಟಮ್ಮ ನಿಂಬೆಹಣ್ಣು, ಕುಂಕುಮ ಹಿಡಿದು ಬಂದೇಬಿಟ್ಟರು. "ಮೇಷ್ಟ್ರ ಮೈಮೇಲೆ ದೇವ್ರು ಬಂದೈತಂತೆ, ನಮ್ ಹಸು ಮೂರು ದಿನದಿಂದ ಒದೀತೈತೆ, ಒಂದ್ ಮಾತು ಕೇಳಿ ಹೋಗ್ತೀನಿ" ಎಂದು ಹೊಸ್ತಿಲಲ್ಲೇ ಕೂತರು. ಇದು ಆಟ ಎಂದರೂ ಒಪ್ಪಲಿಲ್ಲ. ಕೊನೆಗೆ ಕರುವನ್ನು ಮೊದಲು ಬಿಡಿ ಎಂದು ಅಪ್ಪಣೆ ಕೊಟ್ಟು ಕಳಿಸಿದೆ. ಹಸು ಒದೆಯುವುದು ನಿಂತಿತಂತೆ. ಮಾರನೆಯ ದಿನ ಒಂದು ಸೇರು ಹಾಲು ಬಂತು, ನಾವು ಕುಡಿದೆವು. ಆಟದ ದೇವರ ಮಾತನ್ನು ಜನ ಮನೆಗೆ ಹೊತ್ತುಕೊಂಡು ಹೋಗುತ್ತಾರೆ ಎಂದು ಅವತ್ತೇ ನನಗೆ ಹೊಳೆಯಬೇಕಾಗಿತ್ತು. ಹಾಲು ಚೆನ್ನಾಗಿತ್ತು, ಹೊಳೆಯಲಿಲ್ಲ.

ಆಮೇಲೆ ದನಿ ತಗ್ಗಿಸಿದೆ. ತಗ್ಗಿಸಿದ ದನಿ ಎಲ್ಲಿಂದ ತರುವುದು? ನನಗೆ ಗೊತ್ತಿದ್ದ ಅಧಿಕಾರದ ದನಿ ಒಂದೇ, ನಮ್ಮ ಹೆಡ್ಮಾಸ್ಟರದ್ದು. "ನಿಮ್ಮ ಮನವಿ ಪರಿಶೀಲನೆಯಲ್ಲಿದೆ" ಎಂದು ಹೊಳೆಯ ದೇವರ ಬಾಯಲ್ಲಿ ಹೇಳಿಸಿದೆ. ನಂಜುಂಡಪ್ಪ ಬೋಂಡ ಕೆಳಗಿಟ್ಟು, "ಇದೇನ್ ಸಾ, ಭಾನುವಾರನೂ ಎಚ್ಚೆಮ್ಮನ್ನೇ ನೋಡೋ ಹಂಗಾಯ್ತಲ್ಲ! ಮುಳುಗ್ತಾ ಇರೋ ಮನುಷ್ಯಂಗೆ ಪರಿಶೀಲನೆ ಅಂದ್ರೆ ಹೆಂಗೆ?" ಎಂದು ಕೂಗಾಡಿದರು. ಪದ್ಮರಾಜಯ್ಯನವರದ್ದು ಇದಕ್ಕೆ ತದ್ವಿರುದ್ಧ. ಅವರ ಸನ್ಯಾಸಿ ಬಾವಿಗೆ ಬಿದ್ದರೂ ದೇವರನ್ನು ಏನೂ ಕೇಳುತ್ತಿರಲಿಲ್ಲ. ನಾನು ತಯಾರಾಗಿ ಕೂತಿರುತ್ತಿದ್ದೆ, ಕೇಳುವವರೇ ಇಲ್ಲ. "ಒಂದು ಪ್ರಾರ್ಥನೆ ಮಾಡಿ ಸ್ವಾಮಿ" ಎಂದರೆ, "ಮಾಡ್ತೀನಿ ಮೇಷ್ಟ್ರೇ, ಕೇಳೋದಿಲ್ಲ. ನಮ್ಮಲ್ಲಿ ಜಿನ ಕೊಡೋದೂ ಇಲ್ಲ, ಬೇಡ ಅನ್ನೋದೂ ಇಲ್ಲ. ಅವನು ನಡೆದ ದಾರಿ ಐತೆ, ನಡೀಬೇಕಾದೋರು ನಾವು" ಎಂದು ತಾವೇ ಹಗ್ಗ ಹುಡುಕಿಕೊಂಡು ಮೇಲೆ ಬರುತ್ತಿದ್ದರು. ದೇವರಾದವನಿಗೆ ಇದರಷ್ಟು ಅವಮಾನ ಬೇರೆ ಇಲ್ಲ. ಆಗ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ಇಡೀ ಗುಂಪಿನಲ್ಲಿ ನನ್ನಿಂದ ಕೆಡದೆ ಉಳಿದವರು ಅವರೊಬ್ಬರೇ.

ದಾರಿ ತೋರಿಸಿದವಳು ಲಲಿತ. ಅವಳ ತವರು ಅರಸೀಕೆರೆ. ಅವರ ಮನೆಯಲ್ಲಿ ಜಮೀನು ಕೊಳ್ಳುವುದಿರಲಿ, ಹೆಣ್ಣು ನೋಡುವುದಿರಲಿ, ದೇವರ ಹತ್ತಿರ ಹೂ ಕೇಳದೆ ಹೆಜ್ಜೆ ಇಡುವುದಿಲ್ಲ. ದೇವರ ಮೈಗೆ ಒದ್ದೆ ಹೂವು ಅಂಟಿಸಿ ಕೈಮುಗಿದು ಕಾಯುವುದು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ನನ್ನ ಜೊತೆ ಮದುವೆಗೂ ಕೇಳಿದ್ದರಂತೆ, ಬಲಕ್ಕೆ ಬಿದ್ದಿತ್ತಂತೆ. ಅದೇನು ಗಾಳಿ ಬೀಸಿತ್ತೋ. "ಹಾಗೇ ಮಾಡಿ, ಮಾತೇ ಬೇಡ" ಎಂದು ಲಲಿತ ಒಂದು ಚೊಂಬು ಬೋರಲು ಹಾಕಿ, ಮೇಲೆ ಒಂದು ಕನಕಾಂಬರ ಒದ್ದೆ ಮಾಡಿ ಅಂಟಿಸಿದಳು. ದೇವರು ಎಲ್ಲರಿಗೂ ಕಾಣಿಸಬಾರದೆಂದು ನಾನು ಶಾಲೆಯ ಹಳೆಯ ಹಾಜರಿ ರಿಜಿಸ್ಟರನ್ನು ಬಿಡಿಸಿ ಅಡ್ಡ ನಿಲ್ಲಿಸಿದೆ. ಹೂವು ಯಾವ ಕಡೆ ಬಿತ್ತೆಂದು ನಾನು ನೋಡಿ ಹೇಳುವುದು. ಎಲ್ಲರಿಗೂ ಒಪ್ಪಿಗೆಯಾಯಿತು. ನಂಜುಂಡಪ್ಪನವರಂತೂ ಹೂವಿನ ಮುಂದೆ ಟೋಪಿ ತೆಗೆದು ಕೂರುತ್ತಿದ್ದರು.

ನಿಜ ಹೇಳುತ್ತೇನೆ, ಎರಡು ಭಾನುವಾರ ಮಾತ್ರ ನಾನು ಪ್ರಾಮಾಣಿಕನಾಗಿದ್ದೆ. ಒದ್ದೆ ಹೂವು ಬೀಳಲು ಒಮ್ಮೊಮ್ಮೆ ಕಾಲು ಗಂಟೆ ಬೇಕು. ದೇವರಿಗೆ ಅಷ್ಟು ವ್ಯವಧಾನವಿರಬಹುದು, ನನಗಿರಲಿಲ್ಲ. ಅಲ್ಲದೆ ನಾನು ವಾರವೆಲ್ಲ ಪಾಠದ ಟಿಪ್ಪಣಿ ಬರೆಯುವ ನೆಪದಲ್ಲಿ ಕಷ್ಟಪಟ್ಟು ಕಥೆ ಹೆಣೆದಿರುತ್ತಿದ್ದೆ. ಹೂವು ತನಗೆ ತೋಚಿದ ಕಡೆ ಬಿದ್ದರೆ ಆ ಕಥೆ ಏನಾಗಬೇಕು? ಮೂರನೆಯ ವಾರದಿಂದ ರಿಜಿಸ್ಟರ್ ಹಿಂದೆ ನನ್ನ ತೋರುಬೆರಳು ಮೆಲ್ಲಗೆ ಕೆಲಸ ಶುರುಮಾಡಿತು. ಬೇಕೆಂದರೆ ಬಲಕ್ಕೆ, ಬೇಡವೆಂದರೆ ಎಡಕ್ಕೆ. ಯಾರಿಗೂ ನಷ್ಟವಿಲ್ಲ, ಕಥೆ ಸಲೀಸಾಗಿ ಓಡುತ್ತದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ತೊಂಬತ್ತೇಳರ ಮಳೆಗಾಲದ ಒಂದು ಭಾನುವಾರ. ಮುಂದಿನ ವಾರಕ್ಕೆ ದೊಡ್ಡ ಯುದ್ಧ ಇಟ್ಟುಕೊಂಡಿದ್ದೆ. ಹದಿನಾರು ಹಾಳೆ ಬರೆದಿದ್ದೆ, ನಂಜುಂಡಪ್ಪ ಬಣ್ಣದಲ್ಲಿ ಕೋಟೆಯ ನಕ್ಷೆ ಬರೆದುಕೊಟ್ಟಿದ್ದರು. ಅವತ್ತು ಲಲಿತ ಬೋಂಡ ಕರಿದಿರಲಿಲ್ಲ. ತಲೆಗೆ ನೀರು ಹಾಕಿಕೊಂಡು, ಹೂವನ್ನು ತಾನೇ ಹಿತ್ತಲಿಂದ ಕಿತ್ತು ತಂದಿದ್ದಳು. ಬೋಂಡ ಇಲ್ಲದ್ದು ನನ್ನ ಗಮನಕ್ಕೆ ಬಂತು, ಉಳಿದದ್ದು ಬರಲಿಲ್ಲ. ಅವಳ ಸರದಿ ಬಂದಾಗ ಕೈಮುಗಿದು, ಸಣ್ಣ ದನಿಯಲ್ಲಿ ಕೇಳಿದಳು: "ಅಮ್ಮಾ, ನದಿ ಆಚೆ ಮಠದಲ್ಲಿ ಒಂದು ವರ್ಷ ವಿದ್ಯೆ ಕಲಿಸ್ತಾರಂತೆ. ಗಿರಿಜೆಗೆ ಕರೆ ಬಂದಿದೆ. ದಿನಾ ಬೆಳಿಗ್ಗೆ ಹೋಗಿ ಸಂಜೆ ಬರ್ತೀನಿ. ಗುಡೀಲಿ ಹಚ್ಚೋ ದೀಪಕ್ಕೆ ಬೇರೆ ಯಾರನ್ನಾದ್ರೂ ಒಪ್ಪಿಸ್ತೀನಿ, ಕತ್ತಲಾಗೋಕೆ ಬಿಡಲ್ಲ. ಹೋಗಲಾ?"

ನನ್ನ ಕಥೆಯಲ್ಲಿ ಮಠವೇ ಇರಲಿಲ್ಲ. ಇದೇನು ಇಲ್ಲದ ತಕರಾರು, ಇವಳು ಮಠಕ್ಕೆ ಹೋದರೆ ದೀಪವಿಲ್ಲ, ದೀಪವಿಲ್ಲದಿದ್ದರೆ ರಾಕ್ಷಸರು ಕಾಣಿಸುವುದಿಲ್ಲ, ಹದಿನಾರು ಹಾಳೆ ದಂಡ ಎಂದು ರೇಗಿತು. ಬೆರಳು ಮುಂದೆ ಹೋಯಿತು. ಹೂವು ಅವತ್ತು ಚೊಂಬಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಎರಡು ಸಲ ತಳ್ಳಬೇಕಾಯಿತು. "ಎಡಗಡೆ" ಅಂದೆ.

ಅವಳು ಮುಗಿದ ಕೈ ಬಿಡಿಸಿದಳು. "ಸರಿ" ಅಂದಳು. ಮುಂದಿನ ವಾರದ ಯುದ್ಧದಲ್ಲಿ ದೀಪ ಚೆನ್ನಾಗಿ ಉರಿಯಿತು, ಸೇನಾಪತಿ ಗೆದ್ದ, ನನಗೆ ಬಹಳ ಖುಷಿಯಾಯಿತು.

ವಿಷಯ ಗೊತ್ತಾದದ್ದು ಶ್ರಾವಣದಲ್ಲಿ, ಅರಸೀಕೆರೆಗೆ ಹೋದಾಗ. ಮಾವನವರ ಜೊತೆ ಮಾಲೇಕಲ್ಲಿನ ಬೆಟ್ಟ ಹತ್ತುತ್ತಿದ್ದೆ. ಲಲಿತ ಮಗಳ ಕೈ ಹಿಡಿದು ಮುಂದೆ ಹೋಗಿದ್ದಳು. ಮಾವ ಮೆಟ್ಟಿಲ ಮೇಲೆ ಕೂತು ಉಸಿರು ತಿರುಗಿಸಿಕೊಳ್ಳುತ್ತಾ, "ನಾನು ಕೇಳಬಾರದು ಅಳಿಯಂದಿರೇ, ಆದ್ರೂ ಕೇಳ್ತೀನಿ. ಹಾಸನದಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತಲ್ಲ, ಒಂದು ವರ್ಷ ಬಸ್ಸಲ್ಲಿ ಓಡಾಡಿದ್ರೆ ಮುಗೀತಿತ್ತು. ಮಗೂನ ನಮ್ಮ ಮನೆಯವಳು ಬಂದು ನೋಡ್ಕೋತೀನಿ ಅಂದಿದ್ಲು. ನೀವು ಯಾಕೆ ಬೇಡ ಅಂದ್ರಿ?" ಅಂದರು. ಅರ್ಜಿ ತವರಿನಿಂದ ಹಾಕಿದ್ದಳು. ಕರೆ ಬಂದ ಕಾಗದವನ್ನು ಮಾವನೇ ತಂದುಕೊಟ್ಟು ಹೋಗಿದ್ದರು. ನಾನು ಆಗ ಕಥೆ ಬರೆಯುತ್ತಿದ್ದೆ, ಕಾಫಿ ಕುಡಿದು ಹೋದರು ಎನ್ನುವುದಷ್ಟೇ ನೆನಪು. "ನಾನು ಬೇಡ ಅಂದೆನಾ?" ಅಂದೆ. "ಕೇಳಿದ್ಲಂತಲ್ಲ? 'ಕೇಳ್ದೆ ಅಪ್ಪ, ಅವರಿಗೆ ಇಷ್ಟ ಇಲ್ಲ, ಬಿಡು' ಅಂದ್ಲು." ಮೇಲಿನ ಮೆಟ್ಟಿಲುಗಳನ್ನು ನಾನು ಹೇಗೆ ಹತ್ತಿದೆನೋ ತಿಳಿಯದು. ನದಿಯಾಚೆಯ ಮಠ ಯಾವುದು, ದೀಪ ಯಾವುದು ಎಂದು ಒಂದೊಂದೇ ಮೆಟ್ಟಿಲಿಗೆ ಒಂದೊಂದಾಗಿ ಅರ್ಥವಾಗುತ್ತಾ ಹೋಯಿತು. ಮೇಷ್ಟ್ರುಗಳಿಗೆ ಪಾಠ ಹೇಳುವುದು ಬರುತ್ತದೆ, ಅರ್ಥ ಮಾಡಿಕೊಳ್ಳಲು ಬೆಟ್ಟವೇ ಬೇಕು.

ಮನೆಯಲ್ಲಿ ಬಾಯಿಬಿಟ್ಟು ಕೇಳದೆ ಆಟದಲ್ಲಿ ಯಾಕೆ ಕೇಳಿದಳು ಎಂದು ನೀವು ಕೇಳಬಹುದು. ನಾನೂ ಆಗ ಅದನ್ನೇ ಕೇಳಿಕೊಂಡು, ತಪ್ಪು ಅವಳದ್ದೇ ಎಂದು ಸಾಧಿಸಲು ಒಂದು ದಿನ ಪೂರ್ತಿ ಹೆಣಗಿದೆ. ಸಾಧ್ಯವಾಗಲಿಲ್ಲ. ಮನೆಯಲ್ಲಿ ಅವಳು ಏನು ಹೇಳಿದರೂ ನನ್ನದೊಂದು ಸಿದ್ಧ ಉತ್ತರವಿತ್ತು, "ನೋಡೋಣ". ಅದು ಹೂಂ ಅಲ್ಲ, ಉಹೂಂ ಅಲ್ಲ. ಪೇಪರಿನಿಂದ ಕಣ್ಣು ತೆಗೆಯದೆ ಹೇಳಬಹುದಾದ ಮಾತು. ಅವಳು ಹೇಳಿದ್ದನ್ನು ನಾನು ಪೂರ್ತಿ ಕೇಳಿಸಿಕೊಂಡು, ಅಲ್ಲಿಯೇ ಒಂದು ಉತ್ತರ ಕೊಡುತ್ತಿದ್ದದ್ದು ವಾರಕ್ಕೆ ಮೂರು ಗಂಟೆ, ಅದೂ ಮಸಿಗುಡ್ಡದಮ್ಮನಾಗಿ. ಪತಿಯೇ ಪರದೈವ ಅಂತಾರೆ. ನಮ್ಮ ಮನೆಯಲ್ಲಿ ಪತಿಯ ಹತ್ತಿರ ಕೆಲಸವಾಗದೆ ಅವಳು ದೈವದ ಹತ್ತಿರ ಹೋಗಿದ್ದಳು, ಅಲ್ಲೂ ಅದೇ ಮನುಷ್ಯ ಕೂತಿದ್ದ.

ಅವತ್ತೇ ಎಲ್ಲ ಹೇಳಿ ತಪ್ಪೊಪ್ಪಿಕೊಳ್ಳಬೇಕಾಗಿತ್ತು. ಸೇರುವ ದಿನ ಕಳೆದುಹೋಗಿತ್ತು, ಹೇಳಿ ಏನು ಪ್ರಯೋಜನ ಎಂದು ಸುಮ್ಮನಾದೆ. ಬದಲಿಗೆ ಪರೀಕ್ಷೆಯ ಕೆಲಸ ಜಾಸ್ತಿ ಎಂದು ಆಟ ನಿಲ್ಲಿಸಿದೆ. ನಂಜುಂಡಪ್ಪ ಎರಡು ವಾರ ಮುನಿಸಿಕೊಂಡಿದ್ದರು. ಮುಂದಿನ ವರ್ಷ ದೊಡ್ಡ ಮನಸ್ಸು ಮಾಡಿದವನ ಹಾಗೆ ಬಿ.ಎಡ್. ಅರ್ಜಿ ತಂದು ಅವಳ ಮುಂದೆ ಇಟ್ಟೆ. ಆಗ ಎರಡನೆಯ ಮಗು ಹೊಟ್ಟೆಯಲ್ಲಿತ್ತು. ಅವಳು ಅರ್ಜಿಯನ್ನು ಓದಿ, ಮಡಿಸಿ, ಅಕ್ಕಿ ಡಬ್ಬದ ಕೆಳಗೆ ಹಾಸಿದಳು. ಆಮೇಲೆ ನಾನೂ ತರಲಿಲ್ಲ, ಅವಳೂ ಕೇಳಲಿಲ್ಲ.

ಏಳು ವರ್ಷದ ಮೇಲೆ, ಎರಡು ಸಾವಿರದ ನಾಲ್ಕರಲ್ಲಿ, ಮಾದಿಹಳ್ಳಿ ಕಡೆ ಒಂದು ಇಂಗ್ಲಿಷ್ ಮೀಡಿಯಂ ಶಾಲೆ ಶುರುವಾಯಿತು. ಟೀಚರ್ ಬೇಕು ಎಂದು ತಿಳಿದು ಲಲಿತ ಹೋಗಿ ಬಂದಳು. ಬಿ.ಎಡ್. ಇಲ್ಲ ಅಂದಮೇಲೆ ಹೈಸ್ಕೂಲಿಗೆ ಆಗಲ್ಲ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದಾದರೆ ಬನ್ನಿ ಅಂದರಂತೆ. ಹಾಗೆಂದವಳು ನಮ್ಮ ಮನೆ ಜಗಲಿಯಲ್ಲಿ ಲಲಿತಳ ಹತ್ತಿರವೇ ಟ್ಯೂಷನ್ ಹೇಳಿಸಿಕೊಂಡಿದ್ದ ಹುಡುಗಿ, ಈಗ ಅಲ್ಲಿ ಮೇಡಂ. "ಪಾಪ, ಅವಳಿಗೇ ಹೇಳೋಕೆ ಸಂಕೋಚ ಆಗ್ತಿತ್ತು. ನಾನೇ ಬೇಗ ಎದ್ದು ಬಂದ್ಬಿಟ್ಟೆ" ಎಂದು ಲಲಿತ ಸಂಜೆ ಅವರೆಕಾಯಿ ಸುಲಿಯುತ್ತಾ ಹೇಳಿದಳು. ನಾನು ಎದುರಿಗೆ ಕೂತು ಸುಲಿಯುತ್ತಿದ್ದೆ. ಇನ್ನು ತಡೆಯಲಾಗಲಿಲ್ಲ.

"ಲಲಿತ, ಒಂದು ಮಾತು ಹೇಳ್ಬೇಕು ಕಣೇ. ಆವತ್ತು ಆಟದಲ್ಲಿ ನೀನು ಹೂ ಕೇಳಿದ್ಯಲ್ಲ, ಆ ಹೂವು ತಾನಾಗಿ ಬೀಳಲಿಲ್ಲ. ನಾನೇ ತಳ್ಳಿದ್ದು."

ಅವಳ ಕೈ ನಿಲ್ಲಲಿಲ್ಲ. "ಗೊತ್ತು" ಅಂದಳು. "ರಿಜಿಸ್ಟರ್ ಮೇಲಿಂದ ನಿಮ್ಮ ಬೆರಳು ಕಾಣಿಸ್ತು. ಒಂದು ಸಲ ತಳ್ಳಿದ್ರಿ, ಬೀಳಲಿಲ್ಲ. ಇನ್ನೊಂದು ಸಲ ತಳ್ಳಿದ್ರಿ. ಅಷ್ಟು ಕಷ್ಟಪಟ್ಟು ತಳ್ತಾರಲ್ಲ, ನಾನು ಹೋಗೋದು ಇವರಿಗೆ ಎಷ್ಟು ಇಷ್ಟ ಇಲ್ವೋ ಅಂದ್ಕೊಂಡೆ. ದೇವರು ಬೇಡ ಅಂದಿದ್ರೆ ಇನ್ನೊಂದು ಸಲ ಕೇಳ್ತಿದ್ದೆ. ನೀವೇ ಬೇಡ ಅಂದ್ರಲ್ಲ, ಅದಕ್ಕೆ ಬಿಟ್ಟೆ."

ನನಗೆ ಒಂದು ಕ್ಷಣ ಹಗುರವಾದಂತಾಯಿತು. ಅವಳು ತಿಳಿದಷ್ಟು ಕೆಟ್ಟವನು ನಾನಲ್ಲ, ಅದನ್ನು ಹೇಳಿಬಿಟ್ಟರೆ ಸರಿಹೋಗುತ್ತದೆ ಎಂದು ಆತುರ ಬಿದ್ದೆ. "ಅಯ್ಯೋ, ಹಾಗಲ್ಲ ಕಣೇ! ನಿಜವಾಗ್ಲೂ ನನಗೆ ಏನೂ ಗೊತ್ತಿರಲಿಲ್ಲ. ಸೀಟು ಬಂದದ್ದೂ ಗೊತ್ತಿಲ್ಲ, ನೀನು ನಿನ್ನ ವಿಷಯ ಕೇಳ್ತಿದ್ದೀಯ ಅಂತ್ಲೂ ಗೊತ್ತಾಗಲಿಲ್ಲ. ಮುಂದಿನ ವಾರ ಯುದ್ಧ ಇತ್ತು, ಗಿರಿಜೆ ಹೋದ್ರೆ ದೀಪ ಇರಲ್ವಲ್ಲ ಅಂತ ತಳ್ಳಿದೆ, ಅಷ್ಟೆ. ನೀನು ಓದೋದಕ್ಕೆ ನನ್ನದೇನೂ ಅಡ್ಡಿ ಇರಲಿಲ್ಲ. ಬಾಯಿಬಿಟ್ಟು ಹೇಳಿದ್ದಿದ್ರೆ ಹೂಂ ಅಂತಿದ್ದೆ."

ಈಗ ಅವಳ ಕೈ ನಿಂತಿತು.

"ಹಾಗಾದ್ರೆ ಹೋಗ್ಬಹುದಿತ್ತು" ಅಂದಳು.

ಗಂಡ ಕಲ್ಲು ಮನಸ್ಸಿನವನು, ಏನು ಮಾಡುವುದು ಎಂದು ಏಳು ವರ್ಷ ಅವಳು ಹೇಗೋ ಸಮಾಧಾನ ಮಾಡಿಕೊಂಡಿದ್ದಳು. ನನ್ನ ಪಾಪ ಕಳೆದುಕೊಳ್ಳುವ ಅವಸರದಲ್ಲಿ, ಕಲ್ಲು ಮನಸ್ಸಿನವನಲ್ಲ, ಬರೀ ದಡ್ಡ ಎಂದು ರುಜುವಾತು ಮಾಡಿ, ಅವಳ ಹತ್ತಿರ ಉಳಿದಿದ್ದ ಅದೊಂದು ಸಮಾಧಾನವನ್ನೂ ನಾನು ಕಿತ್ತುಕೊಂಡೆ.